ಲೇರ್‌ನ ಹಡಗು, ಲೇರ್‌ನ ಹಂಸ

ಜರ್ಮನಿಯ ವಾಯವ್ಯ ಮೂಲೆಯ ಈಸ್ಟ್ ಫ್ರೀಸಿಯಾದಲ್ಲಿ ಗುಡ್ಡ ಅನ್ನೋದೇ ಇಲ್ಲ. ಬ್ರೆಮೆನ್‌ನಿಂದ ಅಲ್ಲಿನ ಲೇರ್ ಊರಿಗೆ ಹೋಗುವ ರೈಲಿನಲ್ಲಿ ಕಿಟಕಿಯಾಚೆ ಹುಲ್ಲುಗಾವಲು, ದನ, ಗಾಳಿಯಂತ್ರ, ಅಷ್ಟೇ. ಇಂಥ ಬಯಲಿನಲ್ಲಿ ಚರ್ಚಿನ ಗೋಪುರ ಬಲು ದೂರದಿಂದ ಕಾಣುತ್ತದೆ. ಅದರ ತುದಿಯಲ್ಲಿ ಗಾಳಿಗೆ ತಿರುಗುವ ಗಾಳಿಕೋಳಿ ನೋಡಿದರೆ ಚರ್ಚು ಯಾವ ಪಂಥದವರದು ಅಂತ ಎಷ್ಟೋ ಕಡೆ ಗೊತ್ತಾಗಿಬಿಡುತ್ತದೆ.

ಹುಂಜವನ್ನು ಕ್ಯಾಥೊಲಿಕ್ಕರೂ ಇಡುತ್ತಾರೆ, ಪ್ರೊಟೆಸ್ಟೆಂಟರೂ ಇಡುತ್ತಾರೆ. ಕೋಳಿ ಕೂಗುವ ಮೊದಲು ಪೇತ್ರ ಮೂರು ಸಲ ಯೇಸುವನ್ನು ಅರಿಯೆನೆಂದ ಕಥೆ ಅದರ ಹಿಂದಿದೆ. ಲೇರ್‌ನಲ್ಲಿ ನಾನು ಹುಡುಕಿದ್ದು ಬೇರೆ ಎರಡನ್ನು.

ಒಂದು, ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹೆಸರಿನ ಚರ್ಚಿನ ತುದಿಯ ಹಂಸ. 1415ರಲ್ಲಿ, ಲೂಥರ್‌ಗಿಂತ ಮೊದಲಿನ ಚೆಕ್ ಧರ್ಮಸುಧಾರಕ ಯಾನ್ ಹುಸ್‌ರನ್ನು ಕಾನ್‌ಸ್ಟಾನ್ಸ್ ಊರಿನಲ್ಲಿ ಸುಟ್ಟರು. ಚೆಕ್ ಭಾಷೆಯಲ್ಲಿ ಅವರ ಹೆಸರಿಗೆ ಹೆಬ್ಬಾತು ಅನ್ನುವ ಅರ್ಥ ಬರುತ್ತದೆ. 'ಇವತ್ತು ಹೆಬ್ಬಾತನ್ನು ಸುಡುತ್ತೀರಿ, ನೂರು ವರ್ಷಕ್ಕೆ ಹಂಸ ಬರುತ್ತದೆ, ಅದನ್ನು ಸುಡಲಾರಿರಿ' ಅಂತ ಅವರು ಹೇಳಿದರಂತೆ. ಹೀಗೇ ಹೇಳಿದ್ದರು ಅಂತ ನನಗಂತೂ ನಂಬಿಕೆ ಇಲ್ಲ. ಆ ಹಂಸ ನಾನೇ ಅಂತ 1531ರಲ್ಲಿ ಬರೆದುಕೊಂಡವರು ಸ್ವತಃ ಲೂಥರ್! ಅಲ್ಲಿಂದ ಹಂಸ ಲೂಥರನ್ನರ ಗುರುತಾಯಿತು. ಕೆಳಗಿನಿಂದ ನೋಡಿದರೆ ಕುತ್ತಿಗೆ ಮಾತ್ರ ಸ್ಪಷ್ಟ. ದುರ್ಬೀನು ಇದ್ದರೆ ಒಳ್ಳೇದು.

ಇನ್ನೊಂದು, ನಡೆದೇ ಹೋಗಬಹುದಾದ ದೂರದಲ್ಲಿರುವ ಗ್ರೋಸೆ ಕಿರ್ಖೆ, ಅಂದರೆ ದೊಡ್ಡ ಚರ್ಚು. 1785-87ರಲ್ಲಿ ಕಟ್ಟಿದ್ದು, ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಹಾದಿಯ ರಿಫಾರ್ಮ್ಡ್ ಎಂಬ ಪ್ರೊಟೆಸ್ಟೆಂಟ್ ಪಂಥದವರದು. ಅದರ ತುದಿಯಲ್ಲಿ ಹಡಗು. ಊರವರ ಬಾಯಲ್ಲಿ 'ಶೆಪ್ಕೆನ್ ಕ್ರಿಸ್ಟಿ', ಕ್ರಿಸ್ತನ ಪುಟ್ಟ ಹಡಗು. ನನಗೆ ಹಂಸಕ್ಕಿಂತ ಇದೇ ಜಾಸ್ತಿ ಹಿಡಿಸಿತು. ಗಾಳಿಕೋಳಿಯ ಹಿಂಭಾಗ ಅಗಲವಾಗಿದ್ದರೆ ಗಾಳಿ ಅದನ್ನು ಹಿಂದಕ್ಕೆ ತಳ್ಳಿ ಮೂತಿಯನ್ನು ತನ್ನ ಕಡೆಗೆ ತಿರುಗಿಸಿಕೊಳ್ಳುತ್ತದೆ. ಅಂದರೆ ಈ ಹಡಗು ಯಾವಾಗಲೂ ಎದುರುಗಾಳಿಗೇ ಹೊರಟ ಹಾಗೆ ಕಾಣುತ್ತದೆ. ರಿಫಾರ್ಮ್ಡ್ ಪಂಥದವರ ಚರಿತ್ರೆಗೆ ಅದು ಸರಿಯಾಗೇ ಇದೆ, ಅಲ್ವಾ?

ಆ ಚರಿತ್ರೆ ಎಮ್ಡೆನ್‌ನಲ್ಲಿ ಸಿಗುತ್ತದೆ, ಅದೇ ರೈಲಿನಲ್ಲಿ ಇನ್ನಷ್ಟು ಮುಂದೆ. 16ನೇ ಶತಮಾನದಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಧರ್ಮದ ಕಾರಣಕ್ಕೆ ಓಡಿಬಂದ ಪ್ರೊಟೆಸ್ಟೆಂಟರಿಗೆ ಈ ಬಂದರು ಆಸರೆ ಕೊಟ್ಟಿತು. ಅಲ್ಲಿನ ದೊಡ್ಡ ಚರ್ಚಿನ ಬಾಗಿಲ ಮೇಲೆ 1660ರಲ್ಲಿ ಕೆತ್ತಿದ ಹಡಗಿದೆ. ಕಿರುಕುಳಕ್ಕೆ ಸಿಕ್ಕಿ ಊರು ಬಿಟ್ಟು ಬಂದ ದೇವರ ಸಭೆಗೆ ದೇವರು ಇಲ್ಲಿ ನೆಮ್ಮದಿ ಕೊಟ್ಟ ಅಂತ ಸುತ್ತ ಬರೆದಿದೆ. 1943ರ ಬಾಂಬಿಗೆ ಚರ್ಚು ಹಾಳಾಯಿತು. ಅದರ ಗೋಡೆಗಳೊಳಗೆ ಈಗ ಯೋಹಾನೆಸ್ ಆ ಲಾಸ್ಕೊ ಎಂಬ ಸುಧಾರಕರ ಹೆಸರಿನ ಗ್ರಂಥಾಲಯವಿದೆ.