ಗಿರಾಕಿಗೆ ಬಗ್ಗಿ ನಮಸ್ಕಾರ ಮಾಡಬೇಕಾ?

ಟೋಕಿಯೋದಲ್ಲಿ ನಾಲ್ಕು ವರ್ಷ ಕೆಲಸ ಮಾಡಿ, ಊರಿಗೆ ಬಂದು ಅಪ್ಪನ ಕನ್ನಡಕದ ಅಂಗಡಿಯಲ್ಲಿ ಕೂತೆ. ಆಗಿನಿಂದ ಅಂಗಡಿ ಇಟ್ಟುಕೊಂಡ ಗೆಳೆಯರೆಲ್ಲ ಕೇಳುವುದು ಒಂದೇ ಪ್ರಶ್ನೆ. "ಜಪಾನಿನವರು ಗಿರಾಕಿಗಳನ್ನ ಅಷ್ಟು ಚೆನ್ನಾಗಿ ನೋಡ್ಕೊಳ್ತಾರಂತಲ್ಲ, ಅದು ನಮ್ಮಲ್ಲಿ ನಡೆಯುತ್ತಾ? ಅವರ ಥರ ಬಗ್ಗಿ ಬಗ್ಗಿ ನಮಸ್ಕಾರ ಮಾಡಬೇಕಾ?"

ನಡೆಯುತ್ತೆ. ಬಗ್ಗುವುದು ಬೇಕಾಗಿಲ್ಲ.

ಬಂದವರನ್ನು ಹೀಗೆ ಚೆನ್ನಾಗಿ ನೋಡಿಕೊಳ್ಳುವುದಕ್ಕೆ ಅವರು ಒಮೊತೆನಾಶಿ ಅನ್ನುತ್ತಾರೆ. ಇದರ ಬೇರು ಇರುವುದು ಅತಿಥಿಗಳಿಗೆ ವಿಧಿಪೂರ್ವಕವಾಗಿ ಚಹಾ ಕೊಡುವ ಅಲ್ಲಿನ ಚಹಾ ಕೋಣೆಯಲ್ಲಿ. 16ನೇ ಶತಮಾನದ ಚಹಾ ಗುರು ಸೆನ್ ನೊ ರಿಕ್ಯು ಬಗ್ಗೆ ಒಂದು ಕತೆ ಇದೆ. ಚಹಾದ ಗುಟ್ಟೇನು ಅಂತ ಒಬ್ಬ ಕೇಳಿದ. ನೀರು ಕುದಿಯುವ ಹಾಗೆ ಇದ್ದಿಲು ಜೋಡಿಸು, ಬೇಸಿಗೆಯಲ್ಲಿ ತಂಪಾಗಿರಲಿ, ಚಳಿಯಲ್ಲಿ ಬೆಚ್ಚಗಿರಲಿ, ಹೊತ್ತಿಗೆ ಮೊದಲೇ ತಯಾರಾಗಿರು, ಮಳೆ ಇಲ್ಲದಿದ್ದರೂ ಮಳೆಗೆ ಸಿದ್ಧವಾಗಿರು ಅಂದ ರಿಕ್ಯು. "ಇಷ್ಟು ನನಗೂ ಗೊತ್ತು" ಅಂದ ಕೇಳಿದವನು. "ಹಾಗಾದರೆ ಮಾಡಿ ತೋರಿಸು, ನಾನೇ ನಿನ್ನ ಶಿಷ್ಯನಾಗ್ತೀನಿ" ಅಂದನಂತೆ.

ಆ ಮಳೆಯ ಮಾತು ನನಗೆ ಅರ್ಥವಾದದ್ದು ಟೋಕಿಯೋದ ಒಂದು ದೊಡ್ಡ ಮಳಿಗೆಯಲ್ಲಿ. ನೆಲಮಾಳಿಗೆಯಲ್ಲಿ ಸಿಹಿ ಕೊಳ್ಳುತ್ತಿದ್ದೆ. ಕೌಂಟರಿನ ಹುಡುಗಿ ಕಾಗದದ ಚೀಲಕ್ಕೆ ತೆಳ್ಳನೆ ಪ್ಲಾಸ್ಟಿಕ್ ಹೊದಿಸಿ, ಹಿಡಿಯ ಹತ್ತಿರ ಟೇಪ್ ಅಂಟಿಸಿ, ಎರಡೂ ಕೈಯಲ್ಲಿ ಕೊಟ್ಟಳು. ಯಾಕೆ ಅಂತ ತಿಳಿದದ್ದು ಮೇಲೆ ಬಂದಾಗ. ಜೋರು ಮಳೆ. ಕಿಟಕಿಯೇ ಇಲ್ಲದ ಕಡೆ ಅವಳಿಗೆ ಹೇಗೆ ಗೊತ್ತಾಯಿತು? ಮಳೆ ಶುರುವಾದರೆ ಇಂಥ ಎಷ್ಟೋ ಮಳಿಗೆಗಳಲ್ಲಿ ಹಿನ್ನೆಲೆ ಸಂಗೀತ ಬದಲಾಗುತ್ತದೆ, ಒಳಗಿರುವ ಕೆಲಸದವರಿಗೆ ಅದೇ ಸುಳಿವು ಅಂತ ಆಮೇಲೆ ಸಹೋದ್ಯೋಗಿ ಹೇಳಿದರು. ನಾನು ಕೇಳಿರಲಿಲ್ಲ. ಅವಳು ಹೇಳಿಕೊಳ್ಳಲೂ ಇಲ್ಲ. ಅಲ್ಲಿ ಟಿಪ್ಸ್ ಕೊಡುವ ರೂಢಿಯೂ ಇಲ್ಲ.

ಜಪಾನಿ ಭಾಷೆಯಲ್ಲಿ ಮನೆಗೆ ಬರುವ ನೆಂಟನಿಗೂ ಅಂಗಡಿಗೆ ಬರುವ ಗಿರಾಕಿಗೂ ಒಂದೇ ಪದ, ಕ್ಯಕು. ಇದು ನನಗೆ ತುಂಬಾ ಇಷ್ಟ. ನಮ್ಮ ಮಲೆನಾಡಿನ ಮನೆಗಳಲ್ಲಿ ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಟ್ಟೇ ಮಾತು ಶುರು ಮಾಡುತ್ತಾರೆ. ಕೊಡಲಾ ಅಂತ ಕೇಳುವುದಿಲ್ಲ. ಅದೇ ಮನುಷ್ಯ ಅಂಗಡಿಗೆ ಬಂದರೆ ನಾವು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಅಲ್ವಾ?

ಹಾಗಂತ ಗಿರಾಕಿ ಏನಂದರೂ ಸಹಿಸಬೇಕು ಅಂತಲ್ಲ. ಚಹಾ ಕೋಣೆಯ ಬಾಗಿಲು ಎರಡಡಿ ಚಿಲ್ಲರೆ ಎತ್ತರ. ಎಂಥ ದೊಡ್ಡ ಸಾಮುರಾಯ್ ಆದರೂ ಕತ್ತಿ ಹೊರಗಿಟ್ಟು, ಬಗ್ಗಿಯೇ ಒಳಗೆ ಬರಬೇಕಿತ್ತು. ಗಿರಾಕಿಗಳು ಕೆಲಸದವರಿಗೆ ಕಿರುಕುಳ ಕೊಡುವುದನ್ನು ತಡೆಯಲು ಟೋಕಿಯೋ ಆಡಳಿತ 2025ರ ಏಪ್ರಿಲ್‌ನಿಂದ ನಿಯಮವನ್ನೇ ಜಾರಿಗೆ ತಂದಿದೆ. ನಮ್ಮ ಅಂಗಡಿಯ ಹುಡುಗನ ಮೇಲೆ ಯಾರಾದರೂ ಕೂಗಾಡಿದರೆ ನಾನು ಎದ್ದು ಹೋಗಿ ಅವನ ಪಕ್ಕ ನಿಲ್ಲುತ್ತೇನೆ.

ನಮ್ಮಲ್ಲಿ ಏನು ಬದಲಾಯಿತು ಅಂತೀರಾ? ಸಾಮಾನು ಜಾಸ್ತಿ ಏನಿಲ್ಲ. ಒಂದು ವಾರ ಸುಮ್ನೆ ಕೂತು ಬಂದವರನ್ನು ನೋಡಿದೆ. ಹೊಸ ಫ್ರೇಮ್ ಹಾಕಿ ನೋಡಬೇಕಾದರೆ ಹಳೇ ಕನ್ನಡಕ ತೆಗೆಯಬೇಕು. ಫ್ರೇಮಿನಲ್ಲಿ ಪವರ್ ಇರುವುದಿಲ್ಲ. ದೂರದ ಕಣ್ಣು ಮಂದ ಇದ್ದವರು ಕನ್ನಡಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಕಣ್ಣು ಕಿರಿದು ಮಾಡುತ್ತಾರೆ, ಏನೂ ಕಾಣದೆ "ಚೆನ್ನಾಗಿದೆ ಬಿಡಿ" ಅಂದುಬಿಡುತ್ತಾರೆ. ಅಪ್ಪನ ಕಾಲದಿಂದ ಮೂವತ್ತು ವರ್ಷ ಇದು ನಮ್ಮ ಕಣ್ಣೆದುರೇ ನಡೆದಿತ್ತು.

ಈಗ ಫ್ರೇಮ್ ಹಾಕಿದ ಕೂಡಲೇ, ಅವರ ಫೋನಿನಲ್ಲೇ ಎದುರಿಂದ ಒಂದು, ಪಕ್ಕದಿಂದ ಒಂದು ಫೋಟೋ ತೆಗೆದುಕೊಡುತ್ತೇವೆ. ಹಳೇ ಕನ್ನಡಕ ಒರೆಸಿ ಕೈಗಿಡುತ್ತೇವೆ. ಮೊನ್ನೆ ಒಬ್ಬ ಅಜ್ಜಿ ಅದನ್ನು ಹಾಕಿಕೊಂಡು ಫೋಟೋ ನೋಡಿದರು. ತುಂಬಾ ಹೊತ್ತು ನೋಡಿ, "ಇದು ಬೇಡ ಮಗಾ, ಮೊದಲು ಹಾಕಿದ್ದೆನಲ್ಲ, ಆ ಕಂದು ಬಣ್ಣದ್ದು ಕೊಡು" ಅಂದರು. ಅದರ ಬೆಲೆ ಇನ್ನೂರು ರೂಪಾಯಿ ಕಡಿಮೆ ಇತ್ತು. ಅದನ್ನೇ ಕೊಟ್ಟೆ.