ಮುನೆಮೊರಿಯ ಅಮ್ಮನನ್ನು ಕೂಡಿಹಾಕಿದ್ದ ಜಾಗ

ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಿಂದ ಹೊರಟು ಸ್ವಲ್ಪ ದೂರ ಹೋದರೆ 105 ಮತ್ತು 405 ಹೆದ್ದಾರಿಗಳು ಸೇರುವ ಜಾಗ ಸಿಗುತ್ತದೆ. ಒಂದರ ಮೇಲೊಂದು ಸೇತುವೆ. ಅಕ್ಕನ ಮನೆಗೆ ಬಂದಾಗಲೆಲ್ಲ ಅದನ್ನು ದಾಟಿದ್ದೇನೆ. ಈ ಸಲ ಭಾವ ಕಾರು ಓಡಿಸುತ್ತಾ ಹೇಳಿದರು, "ಈ ಜಂಕ್ಷನ್‌ಗೆ ಒಬ್ಬ ಸೈನಿಕನ ಹೆಸರು ಇಟ್ಟಿದ್ದಾರೆ ಕಣಮ್ಮ. ಸಡಾವೊ ಮುನೆಮೊರಿ."

"ಜಪಾನಿನ ಹೆಸರಲ್ವಾ ಭಾವ?"

"ಅಪ್ಪ ಅಮ್ಮ ಜಪಾನಿನಿಂದ ಬಂದವರು. ಅವನು ಹುಟ್ಟಿದ್ದು ಇದೇ ಊರಲ್ಲಿ. ಸತ್ತಿದ್ದು ಅಮೆರಿಕದ ಸೈನಿಕನಾಗಿ. ಆಗ ಅವನ ಮನೆಯವರನ್ನು ಕೂಡಿಹಾಕಿದ್ದ ಜಾಗ ಇಲ್ಲಿಂದ ನಾಲ್ಕು ಗಂಟೆ ದಾರಿ. ಶನಿವಾರ ಹೋಗೋಣವಾ?"

ಹಾಗೆ ಮಂಜನಾರ್‌ಗೆ ಹೊರಟೆವು. ಮೊಹಾವಿ ಮರುಭೂಮಿ ದಾಟಿ, 395ನೇ ಹೆದ್ದಾರಿ ಹಿಡಿದು ಉತ್ತರಕ್ಕೆ. ಲೋನ್ ಪೈನ್ ಎಂಬ ಪುಟ್ಟ ಊರಿನಲ್ಲಿ ಕಾಫಿ ಕುಡಿದೆವು. ಎಡಗಡೆ ಸಿಯೆರಾ ನೆವಾಡ ಪರ್ವತಗಳು ಗೋಡೆಯ ಹಾಗೆ ನಿಂತಿವೆ. ಇಷ್ಟು ಚಂದದ ಜಾಗದಲ್ಲಿ ಜೈಲು ಇತ್ತು ಎಂದರೆ ನಂಬಲು ಕಷ್ಟ. ಕಾರಿನ ಬಾಗಿಲು ತೆಗೆದ ಕೂಡಲೇ ಗಾಳಿ ಬಂದು ಹೊಡೆಯಿತು. ಬಾಯಲ್ಲೆಲ್ಲ ಮರಳು.

ಮಂಜನಾರ್ ಎಂದರೆ ಸ್ಪ್ಯಾನಿಷ್‌ನಲ್ಲಿ ಸೇಬಿನ ತೋಟ. ಮೊದಲು ಇಲ್ಲಿ ನಿಜವಾಗಿಯೂ ಹಣ್ಣಿನ ತೋಟಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ಶತ್ರುವಾಯಿತು. 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಒಂದು ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರೆಲ್ಲ ಮನೆ, ಅಂಗಡಿ, ಹೊಲ ಬಿಟ್ಟು ಇಂಥ ಶಿಬಿರಗಳಿಗೆ ಹೊರಡಬೇಕಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. ಕೈಯಲ್ಲಿ ಹೊರುವಷ್ಟು ಸಾಮಾನು ಮಾತ್ರ ತರಬಹುದಿತ್ತು. ಇಲ್ಲೊಂದರಲ್ಲೇ ಹತ್ತು ಸಾವಿರ ಜನ. ಸುತ್ತ ಮುಳ್ಳುತಂತಿ, ಎಂಟು ಕಾವಲು ಗೋಪುರ.

ಮರದ ಹಲಗೆಯ ಒಂದೆರಡು ಶೆಡ್‌ಗಳನ್ನು ಈಗ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಒಳಗೆ ಹೋದೆವು. ನೆಲದ ಹಲಗೆಗಳ ಸಂದಿನಿಂದ ಆಗ ಧೂಳು ಮೇಲೆ ಬರುತ್ತಿತ್ತಂತೆ. ಹಾಸಿಗೆ ಎಂದರೆ ಒಣಹುಲ್ಲು ತುಂಬಿದ ಚೀಲ. ಕಕ್ಕಸಿನಲ್ಲಿ ಮಧ್ಯೆ ಅಡ್ಡಗೋಡೆ ಇರಲಿಲ್ಲ. ಅಕ್ಕ ಅದನ್ನು ಓದಿ, "ವಯಸ್ಸಾದ ಹೆಂಗಸರು ಏನು ಮಾಡಿರಬೇಕೇ?" ಎಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮುನೆಮೊರಿ ಸೈನ್ಯಕ್ಕೆ ಸೇರಲು ಹೆಸರು ಕೊಟ್ಟಿದ್ದು 1941ರ ನವೆಂಬರ್‌ನಲ್ಲಿ. ಕಾರು ರಿಪೇರಿ ಕೆಲಸ ಕಲಿತಿದ್ದ ಹುಡುಗ. ಒಂದು ತಿಂಗಳಿಗೆ ಹವಾಯಿಯಲ್ಲಿದ್ದ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿತು. ಅಲ್ಲಿಂದ ಜಪಾನಿ ಮುಖದವರ ಮೇಲೆ ಸೈನ್ಯಕ್ಕೂ ಅನುಮಾನ. ಅವನನ್ನು ಯುದ್ಧದ ಕೆಲಸದಿಂದ ದೂರವಿಟ್ಟರು. ಆಮೇಲೆ ಮಿನ್ನೆಸೋಟದಲ್ಲಿದ್ದ ಸೈನ್ಯದ ಭಾಷಾ ಶಾಲೆಗೆ ಹೋದ. ಅಲ್ಲೇ ಉಳಿದು ಜಪಾನಿ ಭಾಷೆಯ ಕೆಲಸ ಮಾಡಿಕೊಂಡಿರಬಹುದಿತ್ತು. ಆದರೆ ಜಪಾನಿ ಮೂಲದವರದ್ದೇ ಆದ 442ನೇ ರೆಜಿಮೆಂಟ್ ಶುರುವಾದಾಗ ತಾನಾಗಿ ಮುಂದೆ ಬಂದ. ಇತ್ತ ಅಮ್ಮ ಮುಳ್ಳುತಂತಿಯ ಒಳಗೆ, ಅತ್ತ ಮಗ ಅದೇ ಸರ್ಕಾರದ ಸಮವಸ್ತ್ರದಲ್ಲಿ. ಇದನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಟಲಿ, ಫ್ರಾನ್ಸ್, ಮತ್ತೆ ಇಟಲಿ. 1945ರ ಏಪ್ರಿಲ್ 5. ಸೆರವೆಜ಼್ಜ ಎಂಬ ಊರಿನ ಹತ್ತಿರದ ಬೆಟ್ಟ. ಜರ್ಮನ್ನರ ಗುಂಡಿಗೆ ಅವನ ಸಣ್ಣ ತುಕಡಿಯ ನಾಯಕ ಗಾಯಗೊಂಡು ಬಿದ್ದ. ಮುನೆಮೊರಿ ಮುಂದಾಳತ್ವ ವಹಿಸಿದ. ಒಬ್ಬನೇ ನುಗ್ಗಿ, ಗ್ರೆನೇಡ್ ಎಸೆದು ಎರಡು ಮೆಷಿನ್ ಗನ್‌ಗಳ ಸದ್ದಡಗಿಸಿದ. ಗುಂಡಿನ ಮಳೆಯಲ್ಲೇ ಹಿಂದಿರುಗಿ, ಇಬ್ಬರು ಜೊತೆಗಾರರು ಅವಿತಿದ್ದ ಗುಂಡಿಯ ಹತ್ತಿರ ಬಂದ. ಅಷ್ಟರಲ್ಲಿ ಶತ್ರುವಿನ ಗ್ರೆನೇಡ್ ಒಂದು ಅವನ ಹೆಲ್ಮೆಟ್‌ಗೆ ತಾಗಿ ಪುಟಿದು ಅವರ ಕಡೆ ಉರುಳಿತು. ಮುನೆಮೊರಿ ಎದ್ದು ಅದರ ಮೇಲೆ ಬಿದ್ದ. ಅವರಿಬ್ಬರೂ ಬದುಕಿದರು. ಅವನಿಗೆ ಇನ್ನೂ 23 ತುಂಬಿರಲಿಲ್ಲ. ಒಂದು ತಿಂಗಳು ಕಳೆದಿದ್ದರೆ ಯೂರೋಪಿನಲ್ಲಿ ಯುದ್ಧವೇ ಮುಗಿದಿರುತ್ತಿತ್ತು.

1946ರ ಮಾರ್ಚ್‌ನಲ್ಲಿ ಅಮೆರಿಕದ ಅತಿ ದೊಡ್ಡ ಸೇನಾ ಗೌರವವಾದ ಮೆಡಲ್ ಆಫ್ ಆನರ್ ಅನ್ನು ಅವನ ಅಮ್ಮನ ಕೈಗೆ ಕೊಟ್ಟರು. ಆ ಯುದ್ಧದಲ್ಲಿ ಹೋರಾಡಿದ ಜಪಾನಿ ಮೂಲದವರಲ್ಲಿ ಆಗ ಅದು ಸಿಕ್ಕಿದ್ದು ಅವನೊಬ್ಬನಿಗೆ. ಅವನ ರೆಜಿಮೆಂಟ್‌ನ ಇನ್ನೂ 20 ಜನರಿಗೆ ಸಿಗಲು 2000ದ ಇಸವಿ ಬರಬೇಕಾಯಿತು. ಅಷ್ಟು ತಡ ಯಾಕೆ ಆಯಿತು ಅನ್ನುವುದು ಈ ಬಯಲಿನಲ್ಲಿ ನಿಂತರೆ ಯಾರಿಗಾದರೂ ಗೊತ್ತಾಗುತ್ತದೆ.

ಶಿಬಿರದ ಹಿಂದುಗಡೆ ಸ್ಮಶಾನ. ಇಲ್ಲಿದ್ದವರೇ 1943ರಲ್ಲಿ ಕಟ್ಟಿದ ಬಿಳಿ ಕಂಬ, ಅದರ ಮೇಲೆ ಕಪ್ಪು ಜಪಾನಿ ಅಕ್ಷರಗಳು. ಸತ್ತವರ ಆತ್ಮಕ್ಕೆ ಸಮಾಧಾನ ಹೇಳುವ ಕಂಬ ಎಂದು ಅರ್ಥವಂತೆ. ಬುಡದಲ್ಲಿ ನಾಣ್ಯಗಳು, ಕಾಗದದ ಕೊಕ್ಕರೆಗಳು. ಒಂದು ಕೂಸಿನ ಗೋರಿಯ ಮೇಲೆ ಯಾರೋ ಆಟಿಕೆ ಇಟ್ಟಿದ್ದರು. ಗಾಳಿಗೆ ಬೀಳದಂತೆ ಕಲ್ಲು ಒರಗಿಸಿದ್ದರು.

ಭಾನುವಾರ ಲಾಸ್ ಏಂಜಲೀಸ್‌ನ ಬಾಯ್ಲ್ ಹೈಟ್ಸ್‌ಗೆ ಹೋದೆವು. ಅಲ್ಲಿನ ಎವರ್‌ಗ್ರೀನ್ ಸ್ಮಶಾನದಲ್ಲಿ ಮುನೆಮೊರಿ ಇದ್ದಾನೆ. ಅಕ್ಟೋಬರ್ ಕೊನೆ. ಮೆಕ್ಸಿಕೋದವರ ಹಬ್ಬಕ್ಕೆಂದು ಬೀದಿಯಲ್ಲಿ ಚೆಂಡುಹೂವು ಮಾರುತ್ತಿದ್ದರು. ಅಕ್ಕ ಒಂದು ಕಟ್ಟು ಕೊಂಡಳು. ಕಲ್ಲಿನ ಮುಂದೆ ಚಪ್ಪಲಿ ಬಿಟ್ಟು, ಬಾಗಿ, ಹೂ ಇಟ್ಟಳು. ನಾವು ಮೂವರೂ ಸುಮ್ನೆ ನಿಂತಿದ್ದೆವು.