ಬಡ್ಡಿ ಏರಿದರೂ ಬೆಲೆ ಇಳಿಯಲಿಲ್ಲ ಯಾಕೆ?

ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಮನೆ ಹುಡುಕುತ್ತಿರೋ ನಮ್ಮವರೆಲ್ಲ ಕೇಳೋದು ಇದನ್ನೇ. ಮಾರೋರೇ ಇಲ್ಲ, ಅದಕ್ಕೆ. 10 ಲಕ್ಷ ಡಾಲರ್ ಸಾಲ, 30 ವರ್ಷ: ಶೇ. 3ರ ಬಡ್ಡಿಗೆ ತಿಂಗಳ ಕಂತು ಸುಮಾರು 4,216 ಡಾಲರ್, ಶೇ. 7ಕ್ಕೆ 6,653. 2021ರಲ್ಲಿ ಶೇ. 3ರ ಆಸುಪಾಸಿನ ಬಡ್ಡಿಗೆ ಸಾಲ ತಗೊಂಡವರು ಅದನ್ನ ಬಿಟ್ಟು ಮನೆ ಯಾಕೆ ಮಾರ್ತಾರೆ? ಜೊತೆಗೆ 1978ರ ಪ್ರೊಪೊಸಿಷನ್ 13, ಅಂದ್ರೆ ಕ್ಯಾಲಿಫೋರ್ನಿಯಾದ ಆಸ್ತಿ ತೆರಿಗೆ ಕಾನೂನು. ಮನೆ ಕೈ ಬದಲಾಗದಿದ್ದರೆ ತೆರಿಗೆ ಲೆಕ್ಕದ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರೋ ಹಾಗಿಲ್ಲ. ಹೊಸಬರು ಮಾತ್ರ ಕೊಂಡ ಬೆಲೆಯ ಮೇಲೇ ಕಟ್ಟಬೇಕು. ಅಕ್ಕಪಕ್ಕದ ಮನೆಗಳಿಗೆ ಇಷ್ಟೊಂದು ವ್ಯತ್ಯಾಸ ನ್ಯಾಯ ಅಂತ ನನಗಂತೂ ಅನ್ನಿಸಲ್ಲ.

ಕೊಂಡು ಕೆಲವು ತಿಂಗಳಾದ ಮೇಲೆ ಸಪ್ಲಿಮೆಂಟಲ್ ತೆರಿಗೆ ಬಿಲ್ (ತೆರಿಗೆ ಲೆಕ್ಕದ ಹಳೇ ಮೌಲ್ಯಕ್ಕೂ ಹೊಸ ಮೌಲ್ಯಕ್ಕೂ ಇರೋ ವ್ಯತ್ಯಾಸದ ಮೇಲಿನ ತೆರಿಗೆ) ಬೇರೆ ಬರುತ್ತೆ. ಮಾಮೂಲಿ ತೆರಿಗೆಯನ್ನ ಕಂತಿನ ಜೊತೆ ತಗೊಂಡು ಕಟ್ಟೋ ಸಾಲ ಕೊಟ್ಟವರೂ ಸಾಮಾನ್ಯವಾಗಿ ಇದನ್ನ ಕಟ್ಟಲ್ಲ, ನೀವೇ ಕಟ್ಟಬೇಕು. ಆ ದುಡ್ಡು ಮೊದಲೇ ತೆಗೆದಿಡಿ.